ಹೀರೋ ಎದ್ದು ನಿಂತನೋ ಇಲ್ಲವೋ

ಆಗೆಲ್ಲ ಹೊಸ ಪಿಕ್ಚರ್ ಮೊದಲು ಹಾಸನಕ್ಕೆ ಬರುತ್ತಿತ್ತು. ಅಲ್ಲಿ ಓಡಿ ಸುಸ್ತಾದ ಮೇಲೆ ಚನ್ನರಾಯಪಟ್ಟಣ, ಅರಕಲಗೂಡು ಸುತ್ತಿಕೊಂಡು, ಮೈತುಂಬ ಗೀರು ಬಿದ್ದ ರೀಲು ಕೊನೆಗೆ ನಮ್ಮ ಹೊಳೆನರಸೀಪುರದ ಟೆಂಟಿಗೆ ಇಳಿಯುತ್ತಿತ್ತು. ಅಷ್ಟರಲ್ಲಿ ಅದನ್ನು ನೋಡಿ ಬಂದವರ ಬಾಯಿಂದಲೇ ನಾವು ಅರ್ಧ ಪಿಕ್ಚರ್ ನೋಡಿರುತ್ತಿದ್ದೆವು. ನಿಮ್ಮೂರಲ್ಲೂ ಹಾಗೇ ಇದ್ದಿರಬೇಕು. ಹಾಸನದಲ್ಲಿ ಪಿಕ್ಚರ್ ನೋಡಿ ಬಂದವನಿಗೆ ಆ ವಾರವೆಲ್ಲ ಮರ್ಯಾದೆಯೋ ಮರ್ಯಾದೆ. ಕಡಲೆಕಾಯಿ ಕೊಟ್ಟು, ಜಗುಲಿ ಮೇಲೆ ಕೂರಿಸಿಕೊಂಡು ಕಥೆ ಕೇಳುತ್ತಿದ್ದರು.

ಟೆಂಟುಗಳಲ್ಲಿ ಇನ್ನೊಂದು ಪದ್ಧತಿಯಿತ್ತು. ಸಂಜೆ ಆಟ ಹಳ್ಳಿಗಳಿಗೆ ಹೋಗುವ ಕಡೇ ಬಸ್ಸಿಗೆ ಮುಂಚೆ ಮುಗಿಯಬೇಕು. ನಮ್ಮಲ್ಲಿ ಅದು ಹಳ್ಳಿಮೈಸೂರಿನ ಬಸ್ಸು. ಪಿಕ್ಚರ್ ಉದ್ದವಾಯಿತೆಂದರೆ ಟೆಂಟಿನವರು ಒಂದು ರೀಲನ್ನೇ ಬಿಟ್ಟು ಮುಂದಿನದನ್ನು ಹಾಕಿಬಿಡುತ್ತಿದ್ದರು. ದೊಡ್ಡವರಿಗೆ ಇದೆಲ್ಲ ಗೊತ್ತು. ಕಥೆಗಿಂತ ಬಸ್ಸು ಮುಖ್ಯವಾದ್ದರಿಂದ ಯಾರೂ ಕೇಳುತ್ತಿರಲಿಲ್ಲ. ಮಕ್ಕಳಾದ ನಮಗೆ ಮಾತ್ರ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಆ ಬೇಸಿಗೆಯಲ್ಲಿ ನಾನು ಅಷ್ಟೊಂದು ಹೆದರಿ ಸಾಯಬೇಕಾಗಿರಲಿಲ್ಲ.

ನಮ್ಮಣ್ಣ ಮಂಜನಿಗೆ ಆಗ ಮೀಸೆ ಚಿಗುರುತ್ತಿತ್ತು. ನಾನು ನಾಲ್ಕನೇ ಕ್ಲಾಸು, ಊರಿಗೆಲ್ಲ ಗೊತ್ತಿದ್ದ ಪುಕ್ಕಲಿ. ಅಣ್ಣನ ತಲೆ ಕೆಡಿಸಿದ್ದು ಮೂರು ಪಾರ್ಟಿನ ಒಂದು ಕರಾಟೆ ಪಿಕ್ಚರ್. ಯಾವ ದೇಶದವರು ತೆಗೆದದ್ದೋ, ಹಿಂದಿಯಲ್ಲಿ ಮಾತಾಡುತ್ತಿದ್ದರು. ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಮೊದಲನೇ ಪಾರ್ಟು ನೋಡಿ ಬಂದವನು ಬರಿಗೈಯಲ್ಲಿ ಸೌದೆ ಸೀಳಲು ಹೋಗಿ ಅಂಗೈ ಊದಿಸಿಕೊಂಡ. ಎರಡನೇದರಲ್ಲಿ ಗುರು ಹೀರೋಗೆ ಉಸಿರು ಕಟ್ಟಿಕೊಂಡು ಎತ್ತರದಿಂದ ಹಾರುವುದನ್ನು ಕಲಿಸುತ್ತಾನೆ. ಅಲ್ಲಿಂದ ಶುರುವಾಯಿತು ನನ್ನ ಹೆದರಿಕೆ.

ನಮ್ಮ ಮನೆಯ ಹಿಂದೆಯೇ ಅಪ್ಪ ಕೆಲಸ ಮಾಡುತ್ತಿದ್ದ ಅಕ್ಕಿ ಗಿರಣಿ. ಬೇಯಿಸಿದ ಭತ್ತದ ವಾಸನೆ ನಮ್ಮ ಬಟ್ಟೆ, ಹಾಸಿಗೆ, ಸ್ಕೂಲ್ ಪುಸ್ತಕಕ್ಕೆಲ್ಲ ಅಂಟಿರುತ್ತಿತ್ತು. ಗಿರಣಿಯ ಹಿಂಬದಿಗೆ ಹೊಟ್ಟಿನ ದೊಡ್ಡ ಗುಡ್ಡೆ. ಮುಂಬದಿಗೆ ಭತ್ತ ಒಣಹಾಕುವ ಸಿಮೆಂಟಿನ ಕಣ. ಗೋಡೆಗೆ ಹೊಂದಿಸಿದ್ದ ಕಬ್ಬಿಣದ ಏಣಿ ಹತ್ತಿ, ಮಾಡಿನ ಅಂಚಿನಿಂದ ಹೊಟ್ಟಿನೊಳಕ್ಕೆ ಹಾರುವುದು ಹುಡುಗರ ಆಟ. ಮೈಯೆಲ್ಲ ನವೆ ಹತ್ತಿಸಿಕೊಂಡು ಕೆರೆದುಕೊಳ್ಳುತ್ತ ಬರುತ್ತಿದ್ದರು, ಅಮ್ಮ ಬಿಸಿನೀರು ಹುಯ್ಯುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು.

ಅಣ್ಣನ ಗೆಳೆಯ ಶಿವು ಅರಕಲಗೂಡಿನವನು. ಅವನು ಒಂದು ಸೋಮವಾರ ಅಲ್ಲಿನ ಟೆಂಟಿನಲ್ಲಿ ಮೂರನೇ ಪಾರ್ಟು ನೋಡಿಕೊಂಡು ಬಂದ.

"ಸೂಪರ್ ಕಣ್ಲಾ. ಕೋಟೆ ಮೇಲಿಂದ ಉಸ್ರು ಕಟ್ಕಂಡು ಕಲ್ಲು ಚಪ್ಡಿ ಮೇಲೆ ಹಾರ್ತಾನೆ. ಕೆಳಗೆ ಹುಲ್ಲಿಲ್ಲ, ಹೊಟ್ಟಿಲ್ಲ. ಮುಂದಿನ ಸೀನಲ್ಲಿ ನೋಡುದ್ರೆ ಮರದ ಕೆಳಗೆ ನಗ್ತಾ ನಿಂತವ್ನೆ. ಕೈಲಿ ಒಂದು ಕೋಲು ಬೇರೆ."

"ಏನೂ ಆಗ್ಲಿಲ್ವಾ?" ಎಂದ ಅಣ್ಣ.

"ಒಂದು ತರಚು ಗಾಯ ಇಲ್ಲ ಕಣ್ಲಾ."

ಅಣ್ಣ ಗಿರಣಿಯ ಮಾಡು ನೋಡಿದ. ಹೊಟ್ಟಿನ ಕಡೆ ಅಲ್ಲ, ಕಣದ ಕಡೆ. ಅದನ್ನು ನೋಡಿದವಳು ನಾನೊಬ್ಬಳೇ.

ಅದೇ ವಾರ ಹಾಸನದಿಂದ ಚಂದ್ರು ಮಾವ ಬಂದರು. ಅಮ್ಮನ ತಮ್ಮ, ಪಿಕ್ಚರ್ ಹುಚ್ಚಿನ ಮನುಷ್ಯ. ಕೇಳುವುದಕ್ಕೆ ಮುಂಚೆಯೇ ಶುರುಮಾಡಿದರು.

"ಥೂ, ಮೂರನೇದು ವೇಸ್ಟು. ಮೊದ್ಲೆರಡು ಎಂಗಿದ್ವು. ಇದ್ರಲ್ಲಿ ಗ್ವಾಡೆ ಮೇಲಿಂದ ಹಾರಿ ಕಾಲು ಮುರ್ಕಂಡು ಮಲಗ್ಬುಡ್ತಾನೆ. ಆ ಹುಡ್ಗಿ ಗಂಜಿ ಕುಡಿಸ್ತಾ ಕೂತ್ಕತಾಳೆ. ಫೈಟೂ ಇಲ್ಲ ಏನೂ ಇಲ್ಲ, ನಂಗೆ ನಿದ್ದೆ ಬಂದ್ಬುಡ್ತು."

ಬೇರೆಯವರಿಗೆ ಅದು ಬೇಸರದ ಪಿಕ್ಚರು, ನನಗೆ ದೇವರ ಮಾತು. ನಾನು ಅಣ್ಣನ ಮುಖ ನೋಡಿದೆ. ಮಾವ ಒಳಗೆ ಹೋದ ಮೇಲೆ ಅವನು ನಕ್ಕುಬಿಟ್ಟ. "ಮಾವ ನಿದ್ದೇಲಿ ಕನಸು ಕಂಡವ್ರೆ. ನಮ್ಮೂರಿಗೇ ಬತ್ತದಲ್ಲ, ನೋಡಾನ. ಹೀರೋ ಎದ್ದು ನಿಂತ್ರೆ ನಾನೂ ಕಣದ ಕಡೀಕೆ ಹಾರ್ತೀನಿ. ಇಲ್ದಿದ್ರೆ ಬುಡು," ಎಂದು ಪಕ್ಕದಲ್ಲಿದ್ದ ಶಿವುವಿನ ಕೈಮೇಲೆ ಕೈಯಿಟ್ಟು ಹೇಳಿದ. ನನ್ನ ಕಡೆ ತಿರುಗಿ, "ಅಪ್ಪಂಗೇನಾದ್ರೂ ಹೇಳುದ್ರೆ ಇನ್ನು ನಿನ್ ಜೊತೆ ಮಾತಿಲ್ಲ ಕಣಮ್ಮಿ," ಎಂದ.

ಅಪ್ಪನ ಕೈಗೆ ಸಿಕ್ಕಿದರೆ ಅವನ ಚರ್ಮ ಸುಲಿದುಹೋಗುತ್ತಿತ್ತು. ಆ ಹೆದರಿಕೆಯೂ ನನಗಿತ್ತು. ಅಮ್ಮನಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದವಳು ತಲೆಯೆತ್ತದೆ, "ಹೊಟ್ಟಿನ ಮೇಲೆ ತಾನೆ, ಆಡ್ಕೊಳ್ಲಿ ಬುಡು," ಎಂದಳು. ಹೊಟ್ಟಿನ ಮೇಲಲ್ಲ ಎನ್ನಲು ಬಾಯಿ ತೆರೆದೆ, ಅಣ್ಣ ಒಳಗೆ ಬಂದ, ಬಾಯಿ ಮುಚ್ಚಿದೆ. ಆಮೇಲೆ ದಿನಾ ಹೊತ್ತಾರೆ ನರಸಿಂಹಸ್ವಾಮಿಗೆ ಕೈಮುಗಿದು, ಯಾರೆಂದು ಗೊತ್ತಿಲ್ಲದ ಆ ಹೀರೋನ ಕಾಲು ಮುರಿಯಲಿ ಎಂದು ಬೇಡಿಕೊಂಡೆ. ಕಣದಲ್ಲಿ ಭತ್ತ ಹರವಿರುವಾಗ ಸ್ವಲ್ಪ ಧೈರ್ಯ. ಗುಡಿಸಿ ಬರಿದು ಮಾಡಿದರೆ ಆ ಸಿಮೆಂಟು ನೋಡಿ ಇನ್ನೊಂದು ಸಲ ಕೈಮುಗಿಯುತ್ತಿದ್ದೆ.

ಪಿಕ್ಚರ್ ಬಂತು. ಅಮ್ಮ ನಮ್ಮನ್ನು ಸಂಜೆ ಆಟಕ್ಕೆ ಕರೆದುಕೊಂಡು ಹೋದಳು. ಬೀಡಿ ಹೊಗೆ, ಹುರಿದ ಕಡಲೆಕಾಯಿ, ಬೆವರು. ಹೀರೋ ಕೋಟೆ ಮೇಲೆ ನಿಂತ. ಉಸಿರೆಳೆದುಕೊಂಡ. ಪಕ್ಕದಲ್ಲಿ ಅಣ್ಣನೂ ಉಸಿರೆಳೆದುಕೊಂಡದ್ದು ಕೇಳಿಸಿತು. ನಾನು ಕಣ್ಣು ಮುಚ್ಚಿ ಮಾವನ ಮಾತನ್ನೇ ಹಿಡಿದು ಕೂತೆ.

ಶಿಳ್ಳೆ ಬಿತ್ತು. ಕಣ್ಣು ಬಿಟ್ಟರೆ ಹೀರೋ ಮರದ ಕೆಳಗೆ, ಕೈಯಲ್ಲಿ ಕೋಲು ಹಿಡಿದು ನಗುತ್ತಿದ್ದ. ಅಷ್ಟರಲ್ಲೇ ದೀಪ ಹತ್ತಿದವು, ಹಳ್ಳಿಮೈಸೂರಿನವರು ಟವೆಲ್ಲು ಕೊಡವಿಕೊಂಡು ಬಸ್ಸಿನ ಕಡೆ ಓಡಿದರು. ಅಣ್ಣ ನನ್ನ ಭುಜ ತಟ್ಟಿ, "ನೋಡ್ದಾ?" ಎಂದ.

ಮಾರನೇ ದಿನ ಭಾನುವಾರ. ಗಿರಣಿಗೆ ರಜ, ಕಣ ಖಾಲಿ. ನಾನು ಓಡಿಹೋಗುವಷ್ಟರಲ್ಲಿ ಶಿವು ಕೆಳಗೆ ನಿಂತಿದ್ದ, ಅಣ್ಣ ಮಾಡಿನ ಅಂಚಿನಲ್ಲಿದ್ದ. ಹೋಗಿ ಅವನ ಅಂಗಿ ಹಿಡಿದುಕೊಳ್ಳೋಣ ಎಂದಷ್ಟೇ ಹೊಳೆದು ಏಣಿ ಹತ್ತತೊಡಗಿದೆ. ಅದುವರೆಗೆ ಆ ಏಣಿ ಮುಟ್ಟಿದವಳೂ ಅಲ್ಲ. ಅರ್ಧಕ್ಕೆ ಹೋದವಳು ಕೆಳಗೆ ನೋಡಿದೆ. ಕಣ ತಿರುಗಿತು. ಕೈಗಳು ಬಿಸಿ ಕಬ್ಬಿಣಕ್ಕೆ ಕಚ್ಚಿಕೊಂಡವು. ಲಂಗ ಒದ್ದೆಯಾದದ್ದು ನನಗೇ ಗೊತ್ತಾಯಿತು.

"ಅಣ್ಣಾ, ಇಳ್ಯಕ್ಕಾಯ್ತಿಲ್ಲ."

"ಇಳಿಯೇ, ಸುಮ್ನೆ ಇಳಿ," ಎಂದು ಮೇಲಿಂದ ಗದರಿದ. ನಾನು ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತು ಅವನೂ ಅಲ್ಲಾಡಲಿಲ್ಲ. ಆಮೇಲೆ ಬೈದುಕೊಳ್ಳುತ್ತ ಇಳಿದು, ಏಣಿಯ ಹೊರಬದಿಯಿಂದ ನನ್ನನ್ನು ಬಳಸಿಕೊಂಡು ನನ್ನ ಕೆಳಗಿನ ಮೆಟ್ಟಿಲಿಗೆ ಬಂದ. ನನ್ನ ಪಾದ ಹಿಡಿದು, "ಕಾಲು ಇಲ್ಲಿಡು. ಇಲ್ಲಿ," ಎನ್ನುತ್ತ ಒಂದೊಂದೇ ಮೆಟ್ಟಿಲು ಇಳಿಸಿದ. ಪ್ರತಿ ಸಲವೂ ಅವನು ಕೆಳಗೆ ನೋಡಲೇಬೇಕಿತ್ತು.

ನೆಲ ಮುಟ್ಟಿದ ಮೇಲೆ ಅಣ್ಣ ಗೋಡೆಗೊರಗಿ ಕೂತ. "ಈ ಪುಕ್ಲಿಯಿಂದ ಎಲ್ಲಾ ಕೆಟ್ಟೋಯ್ತು," ಎಂದು ಶಿವುವಿಗೆ ಹೇಳಿದ. ಮತ್ತೆ ಅವನು ಕಣದ ಕಡೆಯ ಅಂಚಿಗೆ ಹೋಗಲಿಲ್ಲ. ಆದರೂ ರಜ ಮುಗಿದು ಸ್ಕೂಲು ಶುರುವಾಗುವವರೆಗೆ ಏಣಿ ಸದ್ದಾದರೆ ನಾನು ಓಡಿಹೋಗಿ ನೋಡುತ್ತಿದ್ದೆ. ನಮ್ಮ ಮನೆಯಲ್ಲಿ ಯಾರಾದರೂ ಬುರುಡೆ ಬಿಟ್ಟರೆ, "ಮಾವನ ಪಿಕ್ಚರ್ ಕಥೆ" ಎನ್ನುವುದು ಮಾತಾಗಿಹೋಯಿತು. ಮಾವನೂ ನಗುತ್ತಿದ್ದರು, ಪಾಪ.

ಹೋದ ಯುಗಾದಿಗೆ ಅಣ್ಣ ಮಗಳ ಜೊತೆ ನಮ್ಮ ಮನೆಗೆ ಬಂದಿದ್ದ. ಅವಳು ಫೋನಿನಲ್ಲಿ ಆ ಮೂರನೇ ಪಾರ್ಟನ್ನು ಹುಡುಕಿ ಕೊಟ್ಟಳು, ಒಂದು ರೀಲೂ ಬಿಡದ್ದು. ಕೆಳಗೆ ಜನ ಬರೆದದ್ದನ್ನೂ ಓದಿದಳು: ಕೊನೆಯದೇ ಚೆನ್ನಾಗಿಲ್ಲ, ಫೈಟ್ ಇಲ್ಲ, ಹೀರೋ ಬರೀ ಮಲಗಿರುತ್ತಾನೆ. ಚಂದ್ರು ಮಾವನೇ ಎದ್ದು ಬಂದು ಬರೆದ ಹಾಗಿತ್ತು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು.

ಹೀರೋ ಹಾರಿದ. ಕಾಲು ಮುರಿಯಿತು, ಕೂಗಿಕೊಂಡ, ಹುಡುಗಿ ಗಂಜಿ ಕುಡಿಸಿದಳು. ಕೊನೆಗೆ ಕುಂಟುತ್ತ ಕುಂಟುತ್ತ ಹೋಗಿ, ಕೋಲು ಊರಿಕೊಂಡು ಮರದ ಕೆಳಗೆ ನಿಂತು ನಕ್ಕ.

"ಊರುಗೋಲಾ ಅದು," ಎಂದ ಅಣ್ಣ. ಫೋನನ್ನು ಮಗಳ ಕೈಗೆ ಕೊಟ್ಟು, "ಅವತ್ತು ನೀನು ಬರ್ದೇ ಇದ್ದಿದ್ರೆ ಹಾರ್ತಿದ್ದೆ ಕಣಮ್ಮಿ. ಮೇಲೆ ಕಾಲು ನಡುಗ್ತಿತ್ತು. ಆದ್ರೂ ಶಿವು ನೋಡ್ತಿದ್ನಲ್ಲ, ಹಾರ್ಬುಡ್ತಿದ್ದೆ," ಎಂದ.

ಈಗ ಪಿಕ್ಚರ್ ಎಲ್ಲ ಊರಿಗೂ ಒಂದೇ ದಿನ ಪೂರ್ತಿಯಾಗಿ ಬರುತ್ತದೆ. ಗಿರಣಿಯಿದ್ದ ಜಾಗದಲ್ಲಿ ಕಲ್ಯಾಣಮಂಟಪ ಎದ್ದಿದೆ, ಟೆಂಟಿನ ಗುರುತೂ ಇಲ್ಲ. ಕಡಲೆಕಾಯಿ ಕೊಟ್ಟು ಕೂರಿಸಿಕೊಂಡು ಕೇಳಲು ಮಾವನೂ ಇಲ್ಲ. ನೀವು ಹೇಳಿದ್ದೇ ನಿಜ ಎಂದು ಅವರಿಗೊಂದು ಮಾತು ಹೇಳಬೇಕು ಅನ್ನಿಸಿ ಸಂಕಟವಾಯಿತು. ಅವತ್ತು ಅಣ್ಣನಿಗಾಗಿ ಹೆದರಿದ ಹಾಗೆ ಆಮೇಲೆ ನಾನು ಯಾರಿಗಾಗಿಯೂ ಹೆದರಿಲ್ಲ, ನನ್ನ ಮಕ್ಕಳಿಗಾಗಿಯೂ ಇಲ್ಲ.

ಹೊರಡುವಾಗ ಮಹಡಿ ಮೆಟ್ಟಿಲ ಹತ್ತಿರ ಅಣ್ಣ ನಿಂತ. ಸಕ್ಕರೆ ಕಾಯಿಲೆಯಿಂದ ಅವನಿಗೆ ಈಗ ಪಾದದಲ್ಲಿ ಸ್ಪರ್ಶ ಕಡಿಮೆ, ಇಳಿಯುವುದೆಂದರೆ ಭಯ. ನಾನು ಒಂದು ಮೆಟ್ಟಿಲು ಕೆಳಗೆ ಇಳಿದು ಅವನ ಕಡೆ ತಿರುಗಿ, "ಕಾಲು ಇಲ್ಲಿಡು," ಎಂದೆ.