ವರ್ನಾ ಕ್ಲಾಪ್ ಪಾಳು ಬಿಟ್ಟ ಹೊಲ

ವರ್ನಾ ಕ್ಲಾಪ್‌ಳ ಮನೆಮುಂದಿನ ಟಪಾಲು ಡಬ್ಬಕ್ಕೆ ಕೆಂಪು ಹಿಂಡಿ ಚೀಲ ಕಟ್ಟಿದ್ದರೆ ಅಂದು ಅವಳ ಹೊಲಕ್ಕೆ ಸಗಣಿ ಗೊಬ್ಬರ ಬೀಳುತ್ತದೆ ಎಂದು ಅರ್ಥ. ಒಣಹಾಕಿದ ಬಟ್ಟೆ ಒಳಗೆ ತಂದುಕೊಳ್ಳಬೇಕು, ಕಿಟಕಿ ಮುಚ್ಚಬೇಕು, ಊಟಕ್ಕೆ ಯಾರನ್ನಾದರೂ ಕರೆದಿದ್ದರೆ ಇನ್ನೊಂದು ದಿನ ಬನ್ನಿ ಎನ್ನಬೇಕು. ಅವಳ ತಾಯಿ ಶುರುಮಾಡಿದ ಪದ್ಧತಿ ಇದು. ಪೆನ್ಸಿಲ್ವೇನಿಯಾದ ಈ ನಮ್ಮ ಕಡೆಯ ರೈತರಿಗೆ ಬಾಯಿ ಬಿಡುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟೇ ಕಷ್ಟ. ಚೀಲವೇ ಹೇಳಿಬಿಟ್ಟರೆ ತಾವು ಬಚಾವು ಅಂದುಕೊಳ್ಳುವ ಜನ.

ಎದುರಿಗೆ ಹೊಸ ಬಡಾವಣೆ ಎದ್ದ ಮೇಲೆ ಚೀಲದ ಮಾತು ಅಲ್ಲಿನವರಿಗೆ ಯಾರಿಗೂ ತಿಳಿಯದಾಯಿತು. ಬಡಾವಣೆಗೆ ‘ಆರ್ಚರ್ಡ್ ವ್ಯೂ’ ಅಂತ ಹೆಸರು, ಅಂದರೆ ಹಣ್ಣಿನ ತೋಟದ ನೋಟ. ಇದ್ದ ಸೇಬಿನ ತೋಟವನ್ನು ಬುಡಸಮೇತ ಕಿತ್ತು ಮನೆ ಕಟ್ಟಿದ ಮೇಲೆ ಇಟ್ಟ ಹೆಸರು! ನೋಡಲು ಅಲ್ಲಿ ಉಳಿದಿದ್ದು ವರ್ನಾಳ ಕೊಟ್ಟಿಗೆ ಮಾತ್ರ. ಮೊದಲ ವರ್ಷ ಅಲ್ಲಿನ ಮಹಾಶಯರೊಬ್ಬರು ಬೆಳಗಿನ ವಾಕಿಂಗಿನಲ್ಲಿ ಆ ಚೀಲವನ್ನು ಯಾರೋ ಬಿಸಾಕಿದ ಕಸ ಅಂದುಕೊಂಡು, ಸಮಾಜಸೇವೆ ಮಾಡಿದ ಸಂತೋಷದಲ್ಲಿ ತೊಟ್ಟಿಗೆ ಹಾಕಿದರು. ವರ್ನಾ ಹೋಗಿ ಅದನ್ನು ಎತ್ತಿಕೊಂಡು ಬಂದು, ಒಗೆದು, ಮತ್ತೆ ಕಟ್ಟಿದಳು. ಯಾರಿಗೂ ಒಂದು ಮಾತು ಅನ್ನಲಿಲ್ಲ.

ಅವಳು ಇರುವುದೇ ಹಾಗೆ. ಅರವತ್ತು ದಾಟಿದ ಹೆಂಗಸು, ಎತ್ತರದ ಆಳು, ಮದುವೆಯ ಗೊಡವೆಗೆ ಹೋದವಳಲ್ಲ. ತಮ್ಮ ಮರ್ಲ್ ಕೂಡ ಅವಳ ಹಾಗೇ ಒಂಟಿ. ಇಬ್ಬರೂ ಸೇರಿ ನಲವತ್ತು ಚಿಲ್ಲರೆ ಹಸು ಕಟ್ಟಿಕೊಂಡು, ದಿನವಿಡೀ ಜಗಳವಾಡಿಕೊಂಡು, ಅಪ್ಪನ ಜಮೀನು ನಡೆಸುತ್ತಿದ್ದರು. ಬಡಾವಣೆಯ ಬೇಲಿಗೆ ತಾಗಿಕೊಂಡೇ ಇದ್ದದ್ದು ಅವರು ಸುಣ್ಣದ ಗೂಡಿನ ಹೊಲ ಅಂತ ಕರೆಯುತ್ತಿದ್ದ ಹೊಲ. ಇದ್ದುದರಲ್ಲಿ ದೊಡ್ಡದು, ಕೊಟ್ಟಿಗೆಗೂ ಹತ್ತಿರ.

ಒಂದು ಮಾರ್ಚ್ ತಿಂಗಳ ಸಂಜೆ ಅಕ್ಕ ತಮ್ಮ ಕೋಳಿ ಮತ್ತು ಜೋಳದ ಸೂಪ್ ಕುಡಿಯುತ್ತ ಕೂತಿದ್ದಾಗ ಬಾಗಿಲು ತಟ್ಟಿದವನು ಡೆನಿಸ್ ಪಾಲ್ಯಾರೋ. ಬೇಲಿಯ ಆಚೆ ಮೊದಲನೇ ಮನೆಯವನು. ಫಿಲಡೆಲ್ಫಿಯಾ ಕಡೆಯಿಂದ ಬಂದವನು, ಅದುವರೆಗೆ ಕೈಯೆತ್ತಿ ಹಲೋ ಅಂದದ್ದು ಬಿಟ್ಟರೆ ಪರಿಚಯವಿಲ್ಲ.

“ಮಿಸ್ ಕ್ಲಾಪ್, ಕೇಳಬಾರದ್ದು ಕೇಳೋಕೆ ಬಂದಿದೀನಿ,” ಎಂದ. “ನನ್ನ ಹೆಂಡ್ತಿ ಜನೀನ್‌ಗೆ ಕ್ಯಾನ್ಸರ್. ಆ ಔಷಧಿ ಕೊಡಿಸ್ಕೊಂಡು ಬಂದ್ರೆ ಯಾವ ವಾಸನೆನೂ ಆಗಲ್ಲ ಅವಳಿಗೆ. ಕಾಫಿ ವಾಸನೆಗೇ ವಾಂತಿ. ಅವಳು ಮಲಗೋ ರೂಮಿನ ಕಿಟಕಿ ನಿಮ್ಮ ಹೊಲದ ಕಡೆಗೇ ಇದೆ...”

“ಆ ಹೊಲ ಬಿಡ್ತೀನಿ,” ಎಂದಳು ವರ್ನಾ.

“ಪೂರ್ತಿ ಬೇಡ, ಒಂದು ಸ್ವಲ್ಪ ದಿನ...”

“ಬಿಡ್ತೀನಿ ಅಂದ್ನಲ್ಲ. ಟ್ರ್ಯಾಕ್ಟರೂ ತರಲ್ಲ, ಗೊಬ್ಬರನೂ ತರಲ್ಲ. ಸೂಪ್ ಕುಡೀತೀರಾ?”

ಅವನು ಕುಡಿಯಲಿಲ್ಲ. ಬಾಗಿಲ ಹತ್ತಿರ ಹೋದವನು ತಿರುಗಿ ನಿಂತ. “ಇನ್ನೊಂದು. ಇದು ಯಾರಿಗೂ ಗೊತ್ತಾಗ್ಬಾರದಂತೆ. ಬೀದಿಯವರೆಲ್ಲ ಪಾತ್ರೆ ತುಂಬ ಅಡುಗೆ ಹಿಡ್ಕೊಂಡು ‘ಅಯ್ಯೋ ಪಾಪ’ ಅಂತ ಬರ್ತಾರಲ್ಲ, ಅದು ಅವಳಿಗೆ ಆಗಲ್ಲ.”

“ನಾನು ಯಾರ ಹತ್ರ ಹೇಳ್ಲಿ? ಮಾತಾಡೋದೇ ಹಸುಗಳ ಹತ್ರ.”

ಅವನು ಹೋದ ಮೇಲೆ ಮರ್ಲ್ ಚಮಚ ಕುಕ್ಕಿದ. “ಪುಣ್ಯಾತ್ಗಿತ್ತಿ! ಗುಂಡಿ ತುಂಬಿ ತುಳುಕ್ತಾ ಇದೆ. ಆ ಗೊಬ್ಬರ ಎಲ್ಲಿಗೆ ಹಾಕ್ಲಿ, ನಿನ್ನ ತಲೆ ಮೇಲೆ ಸುರೀಲಾ?”

“ಗುಡ್ಡದಾಚೆ ಹೊಲಕ್ಕೆ ಹೊಡಿ. ದೂರ ಆದ್ರೆ ಆಯ್ತು, ಕಾಲು ಸವೆಯಲ್ಲ ನಿಂದು. ಟ್ರ್ಯಾಕ್ಟರಲ್ಲಿ ತಾನೇ ಹೋಗೋದು?”

ಸ್ವಲ್ಪ ದಿನ ಅಂದದ್ದು ಎರಡು ಬೇಸಿಗೆ ಆಯಿತು. ಸುಣ್ಣದ ಗೂಡಿನ ಹೊಲದಲ್ಲಿ ನೇಗಿಲಿಲ್ಲ, ಮೆಕ್ಕೆಜೋಳವಿಲ್ಲ, ಗೊಬ್ಬರವಿಲ್ಲ. ಹುಲ್ಲು ಸೊಂಟದುದ್ದ ಎದ್ದಿತು. ನಡುವೆ ಮುಳ್ಳುಗಿಡ ತಲೆಯೆತ್ತಿತು. ನಮ್ಮ ಕಡೆ ಹೊಲದಲ್ಲಿ ಮುಳ್ಳುಗಿಡ ಹೂವಾಗಿ ಬೀಜ ಹಾರಿಸುವುದೆಂದರೆ, ಮನೆಯ ಹೆಂಗಸು ಒಳಲಂಗದಲ್ಲಿ ಚರ್ಚಿಗೆ ಹೋದಷ್ಟು ಮಾನಗೇಡು. ವರ್ನಾಳಿಂದ ಅದನ್ನು ನೋಡಿಕೊಂಡು ಇರಲಾಗಲಿಲ್ಲ. ಯಂತ್ರ ತಂದರೆ ಸದ್ದು. ಹಾಗಾಗಿ ಅಟ್ಟದಿಂದ ಅಪ್ಪನ ಉದ್ದ ಹಿಡಿಯ ಕುಡುಗೋಲು ಇಳಿಸಿ, ಮಸೆದು, ಬೆಳಗಿನ ಹಾಲು ಕರೆದಾದ ಮೇಲೆ ಹೋಗಿ ಒಂದಿಷ್ಟು ಕೊಯ್ಯುವಳು. ಮುಳ್ಳನ್ನು ಬೇರೆ ಮಾಡಿ, ಹಸಿಹುಲ್ಲನ್ನು ತಳ್ಳುಗಾಡಿಗೆ ತುಂಬಿ ಕರುಗಳಿಗೆ ಹಾಕುವಳು. ಹುಲ್ಲು ಹಾಳುಮಾಡಬಾರದಲ್ಲ.

“ಅದೇನು ಕೆಲಸಾನಾ ಅದು?” ಎಂದು ಮರ್ಲ್ ಹಂಗಿಸುವನು. “ಮುಖ ಕ್ಷೌರ ಮಾಡ್ದಂಗೆ ಹೊಲ ಕ್ಷೌರ ಮಾಡ್ತಾಳೆ.”

ಜನೀನ್ ಬದುಕಿಕೊಂಡಳು. ಕೂದಲು ಮತ್ತೆ ಬಂತು, ತೋಟದಲ್ಲಿ ಓಡಾಡುವುದು ಕಾಣಿಸಿತು. ಮೂರನೇ ವಸಂತಕ್ಕೆ ವರ್ನಾ ಕೆಂಪು ಚೀಲ ಕಟ್ಟಿ ಸುಣ್ಣದ ಗೂಡಿನ ಹೊಲಕ್ಕೆ ಗೊಬ್ಬರ ಹೊಡೆಸಿದಳು.

ಅಬ್ಬಾ, ಎದ್ದಿತು ನೋಡಿ ಗಲಾಟೆ! ಎರಡು ವರ್ಷದಲ್ಲಿ ಬಡಾವಣೆಗೆ ಇನ್ನಷ್ಟು ಜನ ಬಂದಿದ್ದರು. ಬೇಲಿಯಾಚೆ ಇರುವುದು ಕಾಡುಹೂವಿನ ಹುಲ್ಲುಗಾವಲು ಎಂದೇ ನಂಬಿ ದುಡ್ಡು ಸುರಿದವರು. ಅವರ ಸಂಘದ ಅಧ್ಯಕ್ಷ ಟ್ರೆಂಟ್ ವೊಯ್ಟ್ ಎಂಬ ಚುರುಕಿನ ಮನುಷ್ಯ, ಟೌನ್‌ಶಿಪ್ಪಿನ, ಅಂದರೆ ನಮ್ಮ ಊರಾಡಳಿತದ, ನಿಯಮಗಳನ್ನೆಲ್ಲ ಜಾಲಾಡಿ ಒಂದು ಎಳೆ ಹಿಡಿದ. ನಡೆದುಕೊಂಡು ಬಂದ ಬೇಸಾಯಕ್ಕೆ ನೆರೆಯವರು ವಾಸನೆ, ಸದ್ದು ಅಂತ ಅಡ್ಡಬರುವ ಹಾಗಿಲ್ಲ, ಅದು ನಿಯಮ. ಆದರೆ ಒಂದು ವರ್ಷಕ್ಕಿಂತ ಹೆಚ್ಚು ಪಾಳುಬಿದ್ದ ಹೊಲಕ್ಕೆ ಆ ರಕ್ಷಣೆ ಇಲ್ಲ. ಮತ್ತೆ ಶುರುಮಾಡಿದರೆ ಅದು ಹೊಸ ಬೇಸಾಯ, ಮನೆಗಳ ಹತ್ತಿರ ಗೊಬ್ಬರ ತರಕೂಡದು. ಬಡಾವಣೆಯವರೆಲ್ಲ ಅರ್ಜಿಗೆ ಸಹಿ ಹಾಕಿದರು. ಡೆನಿಸ್ ಪಾಲ್ಯಾರೋನೂ ಹಾಕಿದ. ಹಾಕದಿದ್ದರೆ ಯಾಕೆ ಅಂತ ಕೇಳುತ್ತಾರೆ, ಯಾಕೆ ಅಂತ ಹೇಳಿದರೆ ಹೆಂಡತಿಯ ಗುಟ್ಟು ರಟ್ಟಾಗುತ್ತದೆ. ಅವನಿಗೆ ಅವನದೇ ನ್ಯಾಯ. ನನಗೆ ಮಾತ್ರ ಇವತ್ತಿಗೂ ಅವನ ಮೇಲೆ ಸಿಟ್ಟಿದೆ.

ವರ್ನಾಳಿಗೆ ಇದು ಒಂದು ಹೊಲದ ಮಾತಾಗಿರಲಿಲ್ಲ. ಗೊಬ್ಬರ ಹಾಕಲು ಎಷ್ಟು ನೆಲವಿದೆಯೋ ಅಷ್ಟೇ ಹಸು ಕಟ್ಟಬೇಕು. ಆ ಹೊಲ ಹೋದರೆ ಹಸು ಮಾರಬೇಕು, ಹಸು ಮಾರಿದರೆ ಉಳಿದ ಚೂರು ಹಾಲಿಗೆ ಡೈರಿಯ ಲಾರಿ ಈ ದಾರಿಗೆ ಬರುವುದಿಲ್ಲ. ಲಾರಿ ನಿಂತರೆ ಕೊಟ್ಟಿಗೆಗೆ ಬೀಗವೇ.

ವಿಚಾರಣೆ ನಡೆದದ್ದು ಅಗ್ನಿಶಾಮಕ ದಳದವರ ಸಭಾಂಗಣದಲ್ಲಿ. ಹಿಂದಿನ ಸಾಲಿನಲ್ಲಿ ಜನೀನ್ ಕೂತಿದ್ದಳು, ಪಕ್ಕದಲ್ಲಿ ಡೆನಿಸ್ ಬೂಟು ನೋಡಿಕೊಂಡು. ಟೌನ್‌ಶಿಪ್ ಮಂಡಳಿಯ ಅಧ್ಯಕ್ಷ ಲಮಾರ್ ರೇಬರ್ ನಮ್ಮವನೇ, ಅವನಪ್ಪನೂ ಹಸು ಸಾಕಿದವನು. ವರ್ನಾಳಿಗೆ ಸಹಾಯ ಮಾಡಲು ತುದಿಗಾಲಲ್ಲಿದ್ದ.

“ವರ್ನಾ, ಆ ಎರಡು ವರ್ಷ ಹೊಲದಲ್ಲಿ ಏನಾದ್ರೂ ಬೇಸಾಯ ನಡೆದಿತ್ತಾ? ಯೋಚನೆ ಮಾಡಿ ಹೇಳು.”

“ಇಲ್ಲ,” ಎಂದಳು ವರ್ನಾ.

“ಏನೂ ಇಲ್ವಾ? ಏನೂ ಅಂದ್ರೆ ಏನೂ?”

“ಲಮಾರ್, ಉತ್ತಿಲ್ಲ, ಬಿತ್ತಿಲ್ಲ, ಗೊಬ್ಬರ ಹಾಕಿಲ್ಲ. ಅದನ್ನ ಬೇಸಾಯ ಅಂದ್ರೆ ನಿಮ್ಮಪ್ಪ ಗೋರಿಯಿಂದ ಎದ್ದು ಬಂದು ನಗ್ತಾನೆ.”

ಕೆಲವರು ನಕ್ಕರು. ರೇಬರ್ ನಗಲಿಲ್ಲ. “ಹೋಗ್ಲಿ, ಯಾಕೆ ಬಿಟ್ಟೆ ಹೇಳು.”

“ನನಗೊಂದು ಕಾರಣ ಇತ್ತು.”

“ಏನದು?”

“ಅದು ನಂದು.”

ಮರ್ಲ್ ಹಣೆ ಚಚ್ಚಿಕೊಂಡ. ಅವನೂ ಬಾಯಿ ಬಿಡಲಿಲ್ಲ. ಅಕ್ಕನಿಗೆ ಎಷ್ಟು ಬೈದರೂ ಅಕ್ಕ ಕೊಟ್ಟ ಮಾತು ಅವನದೂ ಆಗಿತ್ತು. ಟ್ರೆಂಟ್ ವೊಯ್ಟ್ ಸೌಜನ್ಯದಿಂದಲೇ ಹೇಳಿದ, “ಅವರೇ ಒಪ್ಪಿಕೊಂಡ್ರಲ್ಲ, ಇನ್ನೇನಿದೆ?”

ರೇಬರ್ ಮಂಡಳಿಯವರಿಗೆ ಕೈಯೆತ್ತಲು ಹೇಳುವುದೊಂದು ಬಾಕಿ. ಆಗ ಜನೀನ್ ಎದ್ದು ನಿಂತಳು. ಡೆನಿಸ್ ಅವಳ ತೋಳು ಹಿಡಿದು ಕೂರಿಸಲು ನೋಡಿದ, ಕೈ ಕೊಡವಿದಳು.

“ಅವರು ಸುಳ್ಳು ಹೇಳ್ತಿದಾರೆ,” ಎಂದಳು. “ಬೇಕಂತ ಅಲ್ಲ. ಅವರಿಗೆ ಅದು ಲೆಕ್ಕಕ್ಕೇ ಇಲ್ಲ. ಆ ಎರಡು ಬೇಸಿಗೆ ನಾನು ಕಿಟಕಿ ಹತ್ರ ಬಿದ್ಕೊಂಡಿದ್ದೆ. ನನಗೆ ಕ್ಯಾನ್ಸರ್ ಆಗಿತ್ತು. ಹೌದು, ನಿಮ್ಮ ಯಾರಿಗೂ ಹೇಳಿಲ್ಲ. ನನಗೆ ವಾಸನೆ ಆಗಲ್ಲ ಅಂತ ಇವರು ಹೊಲ ಬಿಟ್ರು. ಆದ್ರೆ ಪಾಳು ಬಿಡ್ಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಕೈಯಲ್ಲಿ ಹುಲ್ಲು ಕೊಯ್ದು, ಗಾಡಿಗೆ ತುಂಬ್ಕೊಂಡು ಹೋಗಿ ಕರುಗಳಿಗೆ ಹಾಕೋರು. ಇವತ್ತು ಎದ್ದು ಕೂರೋದೇ ಬೇಡ ಅನ್ಸಿದ ದಿನ ಕೂಡ, ಅವರು ಬರೋದು ನೋಡೋಣ ಅಂತ ಎದ್ದು ಕೂತಿದೀನಿ. ಎಷ್ಟೋ ಸಲ ಕೈ ಬೀಸ್ದೆ. ಈ ಮನುಷ್ಯಿ ಒಂದ್ಸಲಾನೂ ತಲೆ ಎತ್ತಿ ನೋಡ್ಲಿಲ್ಲ!”

ಕೂತಿದ್ದವರೆಲ್ಲ ವರ್ನಾಳ ಕಡೆ ತಿರುಗಿದರು. ವರ್ನಾಳ ಮುಖ ಕೆಂಪಾಯಿತು, ಕಳ್ಳತನ ಮಾಡುವಾಗ ಸಿಕ್ಕಿಬಿದ್ದವಳ ಹಾಗೆ.

“ವರ್ನಾ,” ಎಂದ ರೇಬರ್ ನಿಧಾನವಾಗಿ, “ಹುಲ್ಲು ಕೊಯ್ದು ಕರುಗಳಿಗೆ ಹಾಕಿದ್ಯಾ?”

“ಹಾಕ್ದೆ. ಅದಕ್ಕೇನೀಗ? ಮುಳ್ಳುಗಿಡ ಬೀಜ ಬಿಡ್ತಿತ್ತು.”

“ನಿನ್ನ ಹೊಲದ ಹುಲ್ಲು ನಿನ್ನ ದನಕ್ಕೆ ಹಾಕೋದು ಬೇಸಾಯ ಅಲ್ದೆ ಮತ್ತೇನಮ್ಮ ಅದು, ಸಂಗೀತಾನಾ?”

ಕೈಗಳು ಎದ್ದವು. ವರ್ನಾಳ ಪರ ಒಂದು ಹೆಚ್ಚು. ಹೊಲ ಉಳಿಯಿತು. ಹೊರಗೆ ಬರುವಾಗ ಬಡಾವಣೆಯ ಹೆಂಗಸರು ಆಗಲೇ ಜನೀನ್‌ಳನ್ನು ಸುತ್ತುವರಿದು ‘ಅಯ್ಯೋ, ಹೇಳಬಾರದಿತ್ತಾ’ ಎನ್ನುತ್ತಿದ್ದರು. ಎರಡು ವರ್ಷ ತಪ್ಪಿಸಿಕೊಂಡದ್ದು ಒಂದೇ ಗಂಟೆಯಲ್ಲಿ ಅವಳ ಕೊರಳಿಗೆ ಬಿತ್ತು. ಅವಳು ಹೇಗೋ ಬಿಡಿಸಿಕೊಂಡು ವರ್ನಾಳ ಪಿಕಪ್ ಗಾಡಿಯ ಹತ್ತಿರ ಬಂದಳು.

“ಯಾವಾಗ ಹಾಕ್ತೀರಾ ಗೊಬ್ಬರ?”

“ಗುರುವಾರ,” ಎಂದಳು ವರ್ನಾ. ಗಾಡಿಯ ಬಾಗಿಲು ತೆರೆಯುತ್ತ, “ಈಗ ಆಗತ್ತಾ ವಾಸನೆ?”

“ಇಲ್ಲ. ಇವತ್ತಿಗೂ ಹೊಟ್ಟೆ ತೊಳಸತ್ತೆ. ಮೊನ್ನೆ ನೀವು ಹಾಕ್ದಾಗ ಬಚ್ಚಲುಮನೇಲೇ ಕೂತಿದ್ದೆ. ಆದ್ರೂ ಹಾಕಿ.”

ಗುರುವಾರ ಕೆಂಪು ಚೀಲ ಏರಿತು. ಮರ್ಲ್ ಒಂದು ಕಡೆಯಿಂದ ಗೊಬ್ಬರ ಹೊಡೆಯುತ್ತ ಬಂದ. ಜನೀನ್‌ಳ ಕಿಟಕಿಯ ಹಿಂದಿನ ಪಟ್ಟಿಗೆ ಬಂದಾಗ ವರ್ನಾ ಟ್ರ್ಯಾಕ್ಟರಿನ ಮುಂದೆ ಅಡ್ಡ ನಿಂತಿದ್ದಳು.

“ಇದೊಂದು ಬಿಡು.”

“ಮತ್ತೆ ಶುರುವಾಯ್ತಾ ನಿಂದು?” ಮರ್ಲ್ ಸೀಟಿನಿಂದಲೇ ಕೂಗಿದ. “ಪಾಳು ಬಿತ್ತು ಅಂತ ಮತ್ತೆ ಅರ್ಜಿ ಹಾಕ್ತಾರೆ ಕಣೇ!”

“ಪಾಳು ಯಾಕೆ ಬೀಳತ್ತೆ? ನಾನು ಕೊಯ್ತೀನಿ.”

ಮರುದಿನ ಹಾಲು ಕರೆದಾದ ಮೇಲೆ ಕುಡುಗೋಲು ಹೆಗಲಿಗೇರಿಸಿ ಆ ಪಟ್ಟಿಗೆ ಹೋದಳು. ಒಂದು ಸಾಲು ಕೊಯ್ದಾದ ಮೇಲೆ ನಿಂತು, ಕೈ ಒರೆಸಿಕೊಂಡು, ತಲೆಯೆತ್ತಿ ಆ ಕಿಟಕಿಯ ಕಡೆ ನೋಡಿದಳು.