ಮೇಲಿನ ಚಿಲಕ

ಭಾನುವಾರ ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷ. ಆ ಕರೆಯ ಸಮಯ ನನ್ನ ಹಳೆಯ ಫೋನಿನಲ್ಲಿ ಬಹಳ ದಿನ ಉಳಿದಿತ್ತು. ಫೋನು ಕೆಟ್ಟ ಮೇಲೂ ಅದನ್ನು ಎಸೆಯಲು ಮನಸ್ಸಾಗಲಿಲ್ಲ.

ಆಫೀಸಿನ ವ್ಯಾನು ಕೊಲ್ಲಿ ದೇಶದ ಅಬು ಹಲೀಫಾದಲ್ಲಿ ನಮ್ಮ ಕಟ್ಟಡದ ಎದುರು, ರಸ್ತೆಯ ಆಚೆ ಬದಿಗೆ ನನ್ನನ್ನು ಇಳಿಸಿ ಹೋಗಿತ್ತು. ಆಗ ನಾನು ಅಹ್ಮದಿಯ ಒಂದು ಕಚೇರಿಯಲ್ಲಿ ನಕ್ಷೆ, ಕಾಗದಪತ್ರಗಳಿಗೆ ಸಂಖ್ಯೆ ಕೊಟ್ಟು ಜೋಡಿಸಿಡುವ ಕೆಲಸದಲ್ಲಿದ್ದೆ. ರಸ್ತೆ ದಾಟಲು ನಿಂತವಳಿಗೆ ಮೆಟ್ಟಿಲ ಪಕ್ಕದ ಸಣ್ಣ ಕಿಟಕಿಗಳಿಂದ ಹೊಗೆ ಬರುವುದು ಕಾಣಿಸಿತು. ಹಿಂದುಗಡೆ ಯಾರೋ ಕಸ ಸುಡುತ್ತಿರಬೇಕು ಅಂದುಕೊಂಡೆ. ಮೊದಲನೆಯ ಮಹಡಿಯ ಕಿಟಕಿ, ಆಮೇಲೆ ಎರಡನೆಯದು. ಮೂರನೆಯ ಮಹಡಿಯಲ್ಲಿ ನನ್ನ ಅಮ್ಮ ಮತ್ತು ಹನ್ನೆರಡು ವರ್ಷದ ಮಗಳು ಇದ್ದರು. ಫೋನು ಮಾಡಿದೆ.

"ಒಳ್ಳೇ ಹೊತ್ತಿಗೆ ಮಾಡ್ದೆ ನೋಡು," ಅಂದಳು ಅಮ್ಮ. "ಯಾರೋ ಬಾಗ್ಲು ಮುರಿಯೋ ಹಾಗೆ ಬಡೀತಿದಾನೆ ಕಣೇ. ಕಿಂಡೀಲಿ ನೋಡ್ದೆ, ಎದುರುಮನೆ ಕರಿಯ. ಏನೇನೋ ಕಿರುಚ್ತಾನೂ ಇದಾನೆ. ಏನ್ ಮಾಡ್ಲಿ?"

ನನ್ನ ಕಣ್ಣೆದುರು ಹೊಗೆ ಇತ್ತು. ಆದರೂ ನನ್ನ ಬಾಯಿಂದ ಬಂದ ಮಾತು ಇದು: "ತೆಗೀಬೇಡ. ಮೇಲಿನ ಚಿಲಕಾನೂ ಹಾಕು."

ಮರುಕ್ಷಣವೇ "ಬೇಡ, ತೆಗಿ, ತೆಗಿ ಅಮ್ಮಾ" ಎಂದು ಕೂಗಿದೆ. ಅಷ್ಟರಲ್ಲಿ ಅಮ್ಮ ಫೋನನ್ನು ಟಿವಿಯ ಪಕ್ಕ ಇಟ್ಟು, ನಾನು ಹೇಳಿದಂತೆ ಚಿಲಕ ಹಾಕಲು ಹೋಗಿಬಿಟ್ಟಿದ್ದಳು. ಟಿವಿಯಲ್ಲಿ ಅಮೆರಿಕದ ಯಾರೋ ಭಾಷಣ ಮಾಡುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಅದರ ಹಿಂದೆ ಬಾಗಿಲು ಬಡಿಯುವ ಸದ್ದು, ಮಗಳ ಕಿರುಚಾಟ, ಕುರ್ಚಿ ಎಳೆದ ಶಬ್ದ. ಒಂದು ನಿಮಿಷ ನಲವತ್ತು ಸೆಕೆಂಡಿಗೆ ಕರೆ ಕಡಿದುಹೋಯಿತು.

ಅಂಥ ಹೊತ್ತಿನಲ್ಲಿ ಆ ಮಾತು ಹೇಗೆ ಬಂತು ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಒಂದು ಉತ್ತರ ಸುಲಭವಾಗಿ ಸಿಗುತ್ತದೆ. ನನ್ನ ಗಂಡನ ಕೆಲಸ ಮರುಭೂಮಿಯ ಎಣ್ಣೆ ಬಾವಿಗಳ ಹತ್ತಿರ, ಮನೆಗೆ ಬರುವುದು ಗುರುವಾರ ಸಂಜೆ. ಅಮ್ಮ ಮೂರು ತಿಂಗಳ ವೀಸಾದ ಮೇಲೆ ತುಮಕೂರಿನಿಂದ ಬಂದವಳು, ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಹಾಗಾಗಿ ಮೊದಲ ದಿನವೇ ಹೇಳಿದ್ದೆ, ಯಾರು ಬಂದರೂ ಬಾಗಿಲು ತೆಗೆಯಬೇಡ ಎಂದು. ಇಲ್ಲಿಗೆ ಬರುವ ಎಲ್ಲ ಅಪ್ಪ ಅಮ್ಮಂದಿರಿಗೂ ಎಲ್ಲ ಮಕ್ಕಳೂ ಹೇಳುವ ಮಾತು ಅದು. ಆದರೆ ಹಿಂದಿನ ವಾರವಷ್ಟೇ ನೀರಿನ ಕ್ಯಾನು ತಂದವನಿಗೂ, ಇಸ್ತ್ರಿಯವನಿಗೂ ಬಾಗಿಲು ತೆಗೆಯಲು ಹೇಳಿದ್ದೆ. ಮೇಲಿನ ಚಿಲಕದ ಮಾತು ಆಗ ಬಂದಿರಲಿಲ್ಲ.

ಎದುರುಮನೆಗೆ ಅಮೆರಿಕದವರು ಬರುತ್ತಾರಂತೆ ಎಂದು ಅದಕ್ಕೆ ಮೂರು ವರ್ಷ ಹಿಂದೆ ಕಟ್ಟಡದಲ್ಲೆಲ್ಲ ಸುದ್ದಿಯಾಗಿತ್ತು. ನಮ್ಮ ಕಟ್ಟಡಕ್ಕೆ ಒಂದು ತೂಕ ಬಂತು ಎಂಬ ಹಾಗೆ ಮಾತಾಡಿಕೊಂಡೆವು. ಬಂದವರು ಅರವತ್ತರ ಹತ್ತಿರದ, ಎತ್ತರದ, ಕಪ್ಪು ಮನುಷ್ಯ. ಯಂತ್ರ ರಿಪೇರಿಯ ಕೆಲಸದವರು, ಒಬ್ಬರೇ ಇದ್ದರು. "ಓ, ಆ ಥರದ ಅಮೆರಿಕನ್ನಾ!" ಎಂದು ಕೆಳಗಿನ ಮನೆಯಾಕೆ ಲಿಫ್ಟಿನಲ್ಲಿ ಅಂದಾಗ ನಾನೂ ನಕ್ಕಿದ್ದೆ.

ಬೆಂಕಿ ಬಿದ್ದ ವರ್ಷ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಕಪ್ಪು ವರ್ಣದ ಒಬ್ಬ ತರುಣ ನಿಂತಿದ್ದ. ನನ್ನ ಮಗಳು ಅವನ ಫೋಟೋವನ್ನು ಪೇಪರಿನಿಂದ ಕತ್ತರಿಸಿ ಬೀರುವಿಗೆ ಅಂಟಿಸಿದ್ದಳು. ಅಂಟು ತಂದುಕೊಟ್ಟವಳು ನಾನೇ. ಸಂಜೆ ಟಿವಿ ಹಾಕಿದರೆ ಅಜ್ಜಿ ಮೊಮ್ಮಗಳ ಜಗಳ ಶುರು.

"ಅಲ್ವೇ, ಆ ಬಿಳೀ ಜನ ಅಷ್ಟೊಂದಿದಾರೆ, ಇವನನ್ನ ಯಾಕೆ ಕೂರಿಸ್ತಾರೆ? ನೋಡಕ್ಕೂ ಒಂದು ಕಳೆ ಬೇಡ್ವಾ?"

"ಅಜ್ಜಿ! ದಟ್ಸ್ ರೇಸಿಸ್ಟ್."

"ಅದೇನೋ ನಂಗೊತ್ತಿಲ್ಲ ತಾಯಿ. ನಮ್ಮ ಕೃಷ್ಣ ಕಪ್ಪಲ್ವಾ? ದಿನಾ ಕೈ ಮುಗಿಯಲ್ವಾ ನಾನು?"

"ದೆನ್ ವೈ ಡು ಯೂ ಪುಟ್ ಕಡ್ಲೆಹಿಟ್ಟು ಆನ್ ಮೈ ಫೇಸ್?"

"ಬಾಯಿ ನೋಡು ಇವಳದು, ಅಪ್ಪನ ಕಡೇದು," ಎಂದು ಅಮ್ಮ ನನ್ನತ್ತ ತಿರುಗಿದಳು. ನಾನು ನಕ್ಕೆ. ಆ ಜಗಳದಲ್ಲಿ ನಾನು ಸದಾ ಮಗಳ ಪಕ್ಷ. ಓದಿದವಳು, ಇಂಥದರಲ್ಲೆಲ್ಲ ನನಗೆ ಭೇದವಿಲ್ಲ ಎಂದು ನಂಬಿಕೊಂಡಿದ್ದವಳು.

ರಸ್ತೆ ದಾಟಿ ಓಡಿದೆ. ಕೆಳಗಿನ ಮೀಟರ್ ರೂಮಿನಲ್ಲಿ ವೈರು ಉರಿಯುತ್ತಿತ್ತು. ಬಾಗಿಲಿನಿಂದ ಕರಿ ಹೊಗೆ ಹೊರಳಿಕೊಂಡು ಬರುತ್ತಿತ್ತು. ಕಟ್ಟಡ ನೋಡಿಕೊಳ್ಳುವ ಹಾರಿಸ್ ನನ್ನ ತೋಳು ಹಿಡಿದುಕೊಂಡ. ಪಕ್ಕದ ಬಕಾಲಾ ಎಂಬ ದಿನಸಿ ಅಂಗಡಿಯವನು "ಮತ್ ಜಾವೋ ಬೆಹನ್, ಫೈರ್ ಗಾಡಿ ಆ ರಹೀ ಹೈ" ಎಂದು ಅಡ್ಡ ನಿಂತ. ನಾನು ಮತ್ತೆ ಮತ್ತೆ ಫೋನು ಮಾಡುತ್ತಿದ್ದೆ. ಅದು ಮತ್ತೆ ಮತ್ತೆ ರಿಂಗಾಗಿ ನಿಲ್ಲುತ್ತಿತ್ತು. ಕೊನೆಗೆ ಅಂಗಡಿಯವನೇ ಮೇಲೆ ಕೈ ತೋರಿಸಿದ. ತಾರಸಿಯ ಅಂಚಿನ ಗೋಡೆಯ ಮೇಲೆ ಒಂದು ತಲೆ ಕಂಡಿತು, ಎದುರುಮನೆಯವರದು. ಅದರ ಪಕ್ಕ ನನ್ನ ಮಗಳದು. ಮೂರನೆಯದು ಕಾಣಲಿಲ್ಲ. ನಾನು ಎಣಿಸುತ್ತಲೇ ಇದ್ದೆ, ಒಂದು, ಎರಡು, ಒಂದು, ಎರಡು. ಬಹಳ ಹೊತ್ತಿನ ಮೇಲೆ, ಒದ್ದೆ ಸೆರಗನ್ನು ಮೂಗಿಗೆ ಸುತ್ತಿಕೊಂಡ ಅಮ್ಮನ ತಲೆ ಗೋಡೆಯ ಮೇಲೆ ಬಂತು. ಕೆಮ್ಮಿ ಕೆಮ್ಮಿ ಕೆಳಗೆ ಕೂತಿದ್ದಳಂತೆ.

ನಡೆದದ್ದು ಆಮೇಲೆ ತಿಳಿಯಿತು. ಅಮ್ಮ ಮೇಲಿನ ಚಿಲಕ ಹಾಕಿದ್ದಾಳೆ. ಮಗಳಿಗೆ ಹೊರಗಿನಿಂದ "ಫೈರ್" ಅನ್ನುವುದು ಕೇಳಿದೆ. ಚಿಲಕ ಎಟುಕದೆ ಕುರ್ಚಿ ಎಳೆದು ಹತ್ತಿದ್ದಾಳೆ. ಅಮ್ಮ ಅವಳ ತೋಳನ್ನು ಬಿಗಿಯಾಗಿ ಹಿಡಿದು ಎಳೆದಿದ್ದಾಳೆ. ಮಗಳು ಕೊಸರಿಕೊಂಡು ತೆಗೆದಿದ್ದಾಳೆ. ಎದುರುಮನೆಯವರು ಒಳಗೆ ಬಂದವರೇ ಸ್ನಾನದ ಮನೆಗೆ ಹೋಗಿ ಅಮ್ಮನ ಸೆರಗನ್ನೂ ಎರಡು ಟವೆಲನ್ನೂ ನೆನೆಸಿ, ಇಬ್ಬರನ್ನೂ ತಾರಸಿಗೆ ಹತ್ತಿಸಿದ್ದಾರೆ. ತಾರಸಿಯ ಬೀಗದ ಕೈ ಅವರ ಹತ್ತಿರ ಇತ್ತು. ತಮ್ಮ ದೇಶದ ಚಾನೆಲ್ ನೋಡಲು ಅಲ್ಲಿ ಡಿಶ್ ಹಾಕಿಸಿಕೊಂಡಿದ್ದರು.

ಬೆಂಕಿ ಆರಿತು, ಯಾರಿಗೂ ಏನೂ ಆಗಲಿಲ್ಲ. ಎರಡು ದಿನ ಪರಿಚಯದವರ ಮನೆಯಲ್ಲಿದ್ದು ವಾಪಸು ಬಂದೆವು. ಮೆಟ್ಟಿಲ ಗೋಡೆಗಳು ಕಪ್ಪಾಗಿದ್ದವು, ಸುಟ್ಟ ವೈರಿನ ವಾಸನೆ ಸಕ್ಕರೆ ಡಬ್ಬಿಯೊಳಗೂ ಇತ್ತು. ನಮ್ಮ ಮೂವರಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲ. ಲಿಫ್ಟು ನಿಂತ ಸದ್ದಿಗೆ ಎದ್ದು ಕೂರುತ್ತಿದ್ದೆವು. ಅಮ್ಮ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕಿಂಡಿಯನ್ನೇ ನೋಡುತ್ತಿದ್ದಳು.

ಮಗಳ ತೋಳಿನ ಮೇಲೆ ಅಜ್ಜಿಯ ನಾಲ್ಕು ಬೆರಳುಗಳ ಗುರುತು ನೀಲಿಗಟ್ಟಿತ್ತು. ಏನಾಯಿತು ಎಂದು ಶಾಲೆಯಲ್ಲಿ ಕೇಳಿದರಂತೆ. ಊಟಕ್ಕೆ ಕೂತಾಗ ಅವಳು ತಟ್ಟೆಯಿಂದ ತಲೆಯೆತ್ತದೆ ಅಂದಳು: "ಐ ಟೋಲ್ಡ್ ದೆಮ್. ಮೈ ಅಜ್ಜಿ ಬ್ಲ್ಯಾಕ್ ಮ್ಯಾನ್‌ಗೆ ಡೋರ್ ಓಪನ್ ಮಾಡಲ್ಲ. ಶೀ ವುಡ್ ರಾದರ್ ಲೆಟ್ ಅಸ್ ಬರ್ನ್."

ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೂ ಅರ್ಥವಾಯಿತು. ನನ್ನ ಕಡೆ ಒಮ್ಮೆ ನೋಡಿ ಅನ್ನಕ್ಕೆ ಸಾರು ಬಿಟ್ಟುಕೊಂಡಳು. ಹೇಳಬೇಕಿದ್ದ ಹೊತ್ತು ಅದೇ. ನಾನು ಹೇಳಲಿಲ್ಲ. ಅಂದಿನಿಂದ ಮಗಳು ಅಜ್ಜಿಯ ಜೊತೆ ಮಾತು ಬಿಟ್ಟಳು. ಬಾಚಣಿಗೆ ಹಿಡಿದು ಜಡೆಗೆಂದು ನನ್ನ ಹತ್ತಿರ ಬರತೊಡಗಿದಳು.

ಅಡುಗೆಮನೆಯಲ್ಲಿ ಅಮ್ಮನ ಹಿಂದೆ ನಿಂತು, "ಅವಳಿಗೆ ಹೇಳಿಬಿಡ್ತೀನಿ," ಅಂದೆ.

"ಸುಮ್ನಿರು," ಅಂದಳು ಅಮ್ಮ. ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. "ನಾನು ಮುಂದಿನ ತಿಂಗಳು ಊರಿಗೆ ಹೋಗೋಳು. ಅವಳು ಬೆಳೆಯೋದು ನಿನ್ ಕೈಲಿ. ಅಜ್ಜಿ ಮೇಲೆ ಸಿಟ್ಟಿದ್ರೆ ಇರ್ಲಿ ಬಿಡು, ಹಳೇ ಕಾಲದೋಳು ಅಂತಾಳೆ. ಅಮ್ಮನ ಮೇಲೆ ನಂಬಿಕೆ ಹೋಗಬಾರ್ದು. ನೀನು ಹೇಳ್ದೆ ಇದ್ರೂ ನಾನು ತೆಗೀತಿದ್ನೋ ಇಲ್ವೋ, ಯಾರಿಗ್ಗೊತ್ತು?"

ಅದು ಅವಳು ನನಗೆ ಕೊಟ್ಟ ಕೊಡುಗೆ. ನಾನು ಅದನ್ನು ತೆಗೆದುಕೊಂಡೆ. ಹಗುರವಾಗಬೇಕಿತ್ತು, ಆಗಲಿಲ್ಲ.

ಒಂದು ಸಂಜೆ ಎದುರುಮನೆಯವರು ಬಂದರು. ಎರಡು ಸಲ ಮೆಲ್ಲಗೆ ಬಾಗಿಲು ತಟ್ಟಿದರು. ಕಿಂಡಿಯಲ್ಲಿ ನೋಡಿದರೆ ಬಾಗಿಲಿನಿಂದ ದೂರ, ಎರಡೂ ಕೈ ಕಾಣುವ ಹಾಗೆ ನಿಂತಿದ್ದರು. ಒಳಗೆ ಕೂರಿಸಿ, ಯಾಕೆ ಅಷ್ಟು ದೂರ ನಿಂತಿರಿ ಎಂದು ಕೇಳಿದೆ.

"ಚಿಕ್ಕಂದಿನಿಂದ ಅಭ್ಯಾಸ," ಎಂದರು ಇಂಗ್ಲಿಷಿನಲ್ಲಿ. "ತಟ್ಟು, ಎರಡು ಹೆಜ್ಜೆ ಹಿಂದೆ ಸರಿ, ಕೈ ತೋರಿಸು ಅಂತ ನನ್ನಮ್ಮ ಕಲಿಸಿದ್ದು. ಒಳಗಿನವರು ಹೆದರಬಾರದಲ್ಲ. ಆ ದಿನ ಮಾತ್ರ ಮರೆತೆ."

ನಾನದನ್ನು ಕನ್ನಡದಲ್ಲಿ ಹೇಳಿದೆ. ಅಮ್ಮ ಸೆರಗಿನ ತುದಿ ತಿರುವಿದಳು. ಆಮೇಲೆ, "ಇವರ ಮನುಷ್ಯ ಗೆಲ್ತಾನಂತಾ? ಕೇಳು," ಅಂದಳು.

ಅವರು ಇಲ್ಲವೆಂದು ತಲೆಯಾಡಿಸಿದರು. ಅಂಚೆಯಲ್ಲಿ ವೋಟು ಕಳಿಸಿದ್ದಾರಂತೆ, ಆದರೆ ಆಸೆ ಇಟ್ಟುಕೊಂಡಿಲ್ಲ. ಅವರು ಹುಡುಗನಾಗಿದ್ದಾಗ ಅವರಪ್ಪ ಒಳ್ಳೆಯ ಅಂಗಿ ಹಾಕಿಕೊಂಡು ವೋಟು ಹಾಕಲು ಹೋಗಿ, ಹಾಕದೆ ವಾಪಸು ಬಂದದ್ದನ್ನು ನೋಡಿದ್ದರಂತೆ. ಕಾಲೇಜಿನಲ್ಲಿರುವ ಮಗಳ ಜೊತೆ ಫೋನಿನಲ್ಲಿ ದಿನಾ ಜಗಳ. "ಜನ ಎದುರಿಗೆ ನಗುತ್ತಾರೆ, ಪರದೆ ಎಳೆದುಕೊಂಡ ಮೇಲೆ ಬೇರೆ ಗುರುತು ಒತ್ತುತ್ತಾರೆ ಅಂತೀನಿ. ಅಪ್ಪಾ, ನನ್ನ ಗೆಳೆಯರು ನಿನ್ನ ಕಾಲದವರಲ್ಲ ಅಂತಾಳೆ. ಈ ಜಗಳದಲ್ಲಿ ಅವಳು ಗೆದ್ದರೂ ನನಗೆ ಭಯ, ಸೋತರೂ ಭಯ."

"ಸರಿಯಾಗಿ ಹೇಳಿದ್ರು," ಅಂದಳು ಅಮ್ಮ. "ಇವಕ್ಕೇನು ಗೊತ್ತು, ಮಕ್ಕಳು!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತಲೆದೂಗಿದರು. ಕೋಣೆಯ ಬಾಗಿಲಲ್ಲಿ ನಿಂತಿದ್ದ ನನ್ನ ಮಗಳು ಕಣ್ಣು ಹೊರಳಿಸಿದಳು. ಹೋಗುವಾಗ ಅವರು ಅವಳಿಗೆ, "ಫಲಿತಾಂಶದ ದಿನ ಬೆಳಿಗ್ಗೆ ನನ್ನ ಮನೆಯ ಟಿವಿಯಲ್ಲೇ ನೋಡು ಬಾ, ಎಲ್ಲರೂ ಬನ್ನಿ," ಎಂದರು.

ಅಲ್ಲಿ ಮತ ಎಣಿಸುವ ಹೊತ್ತಿಗೆ ಇಲ್ಲಿ ಬುಧವಾರದ ಬೆಳಗು. ಶಾಲೆಗೆ ರಜೆ ಹೇಳಿದ್ದಾಯಿತು. ಅಮ್ಮ ಐದಕ್ಕೇ ಎದ್ದು ಕೇಸರಿಬಾತು ಮಾಡಿ, ಇಸ್ತ್ರಿ ಸೀರೆ ಉಟ್ಟು, ಡಬ್ಬಿ ಹಿಡಿದು ನಿಂತಿದ್ದಳು. ಮಗಳು ಚಪ್ಪಲಿ ಮೆಟ್ಟಿಕೊಳ್ಳುತ್ತ ನನಗೆ ಅಂದಳು: "ಅಜ್ಜಿ ಬೇಡ. ನಾಟ್ ಟುಡೇ. ಪ್ಲೀಸ್."

ಅಮ್ಮ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. "ಹೋಗ್ಬನ್ನಿ. ನಂಗೂ ಪೂಜೆ ಇದೆ."

ಆ ಡಬ್ಬಿ ಬಿಸಿಯಾಗಿತ್ತು. ನಾನು ಅದನ್ನು ಹಿಡಿದುಕೊಂಡೇ ಮಗಳಿಗೆ ಹೇಳಿದೆ: "ತೆಗೀಬೇಡ ಅಂದಿದ್ದು ನಾನು. ಅಜ್ಜಿ ನನ್ನನ್ನ ಕೇಳಿದ್ರು. ನಾನು ಹೊಗೆ ನೋಡ್ತಾ ಇದ್ದೆ, ಆದ್ರೂ ಮೇಲಿನ ಚಿಲಕ ಹಾಕು ಅಂದೆ."

"ಯಾಕೆ?" ಅಂದಳು, ಕನ್ನಡದಲ್ಲೇ.

"ಬಡೀತಿರೋದು ಅವರು ಅಂತ ಅಜ್ಜಿ ಹೇಳಿದ್ರು. ಅದಕ್ಕೆ."

"ಬಟ್ ಯೂ ಸೆಡ್... ನೀನೇ ಹೇಳ್ತಿದ್ದೆ..." ನನ್ನನ್ನು ಯಾರೋ ಎಂಬಂತೆ ನೋಡಿದಳು. ಅಮ್ಮ "ಬಿಡೇ, ಏನೋ ಗಾಬರೀಲಿ..." ಎಂದು ಶುರುಮಾಡಿದಳು. ಮಗಳು ನನ್ನನ್ನು ದಾಟಿ ಹೋಗಿ ಅಜ್ಜಿಯ ಕೈ ಹಿಡಿದಳು. "ಬಾ ಅಜ್ಜಿ," ಅಂದಳು. ನನ್ನನ್ನು ಕರೆಯಲಿಲ್ಲ. ಡಬ್ಬಿ ಹಿಡಿದು ಅವರ ಹಿಂದೆ ನಾನೂ ಹೋದೆ.

ಎದುರು ಬಾಗಿಲನ್ನು ತಟ್ಟಿದವಳು ಅಮ್ಮ. ತಟ್ಟಿ, ಮೊಮ್ಮಗಳನ್ನೂ ಎಳೆದುಕೊಂಡು ಎರಡು ಹೆಜ್ಜೆ ಹಿಂದೆ ಸರಿದು, ಕಿಂಡಿಯ ಕಡೆ ಮುಖ ಮಾಡಿ ನಿಂತಳು. ನಾನೂ ಸರಿದೆ.

ಅವರು ಬೆಳಿಗ್ಗೆ ಆರೂವರೆಗೆ ಬಿಳಿ ಅಂಗಿ, ಟೈ ಹಾಕಿಕೊಂಡಿದ್ದರು. ಫೋನಿನ ಸ್ಪೀಕರಿನಲ್ಲಿ ಅವರ ಮಗಳು ಆ ತುದಿಯಿಂದ ಮಾತಾಡುತ್ತಿದ್ದಳು. ಏಳು ಗಂಟೆಗೆ ಟಿವಿಯಲ್ಲಿ ಆ ಕಪ್ಪು ತರುಣನ ಮುಖ ಬಂದು ಕೆಳಗೆ ಅಕ್ಷರಗಳು ಮೂಡಿದವು. ಫೋನಿನಲ್ಲಿ ಆ ಹುಡುಗಿ ಕಿರುಚಿದಳು, ನನ್ನ ಮಗಳು ಸೋಫಾ ಮೇಲೆ ಕುಣಿದಳು. ಅವರು ಮಾತ್ರ ಕೂತಲ್ಲೇ ಎರಡು ಕೈಯಿಂದ ಮುಖ ಮುಚ್ಚಿಕೊಂಡರು. "ಅಪ್ಪಾ? ಅಪ್ಪಾ, ಇದ್ದೀಯಾ?" ಎಂದು ಫೋನು ಕೇಳುತ್ತಲೇ ಇತ್ತು. "ನೀನು ಹೇಳಿದ್ದೇ ಸರಿ," ಎಂದರು ಕೊನೆಗೆ. "ಒಂದು ಸಲ ಮಾತ್ರ ಒಪ್ಪಿಕೊಳ್ತೀನಿ."

"ಗೆದ್ರಲ್ಲ, ಯಾಕಳ್ತಾರೆ?" ಅಮ್ಮ ಪಿಸುಗುಟ್ಟಿದಳು.

ಮಗಳು ಕುಣಿತ ನಿಲ್ಲಿಸಿ ಅಜ್ಜಿಯ ಪಕ್ಕ ಕೂತಳು. "ಅವ್ರಪ್ಪನ್ನ ವೋಟ್ ಹಾಕಕ್ಕೆ ಬಿಡ್ಲಿಲ್ಲ ಅಲ್ವಾ ಅಜ್ಜಿ. ಅದು ಜ್ಞಾಪಕ ಬಂತು."

ಅಮ್ಮ ತಟ್ಟೆಯಲ್ಲಿ ಕೇಸರಿಬಾತು ಹಾಕಿ ಅವರ ಮುಂದೆ ಇಟ್ಟಳು. "ಕೇಳೇ ಅವರನ್ನ. ಇನ್ಮೇಲೂ ಬಾಗ್ಲು ತಟ್ಟಿ ಹಿಂದಕ್ಕೆ ಸರೀತಾರಾ?"

ಅವರು ಕಣ್ಣೊರೆಸಿಕೊಂಡು ನಕ್ಕರು. "ನಾನು ಸರಿಯುತ್ತೇನೆ. ಈ ವಯಸ್ಸಿನಲ್ಲಿ ಕಾಲಿಗೆ ಬೇರೆ ಪಾಠ ಕಲಿಸೋಕಾಗಲ್ಲ. ನನ್ನ ಮಗಳು ಹೇಗೆ ನಿಲ್ತಾಳೋ ನೋಡೋಣ."

ಮಗಳು ಆ ದಿನವೆಲ್ಲ ನನ್ನ ಜೊತೆ ಮಾತಾಡಲಿಲ್ಲ. ಸಂಜೆ ಜಡೆಗೆ ಅಜ್ಜಿಯ ಹತ್ತಿರ ಹೋದಳು. ನಾನು ದೂರದಿಂದ ನೋಡುತ್ತ ಪಾತ್ರೆ ತೊಳೆದೆ. ಮಲಗುವ ಹೊತ್ತಿಗೆ ಅವಳೇ ದಿಂಬು ತಂದು ನನ್ನ ಮತ್ತು ಅಮ್ಮನ ನಡುವೆ ಹಾಕಿಕೊಂಡು, "ಐ ಆಮ್ ಸ್ಟಿಲ್ ಆಂಗ್ರಿ," ಎಂದು ಹೇಳಿ ನನಗೆ ಬೆನ್ನು ತಿರುಗಿಸಿದಳು. ಬೆನ್ನು ನನ್ನ ಕೈಗೆ ತಾಗುವಷ್ಟು ಹತ್ತಿರವಿತ್ತು.

ಈಗಲೂ ಫೋನಿನಲ್ಲಿ ಮಾತಾಡುವಾಗ ಹಿಂದೆ ಯಾವುದಾದರೂ ಬಾಗಿಲು ಬಡಿದರೆ ಮಾತು ಬಿಟ್ಟು ಆ ಕಡೆ ಕಿವಿಗೊಡುತ್ತೇನೆ. ಆದರೆ ಮರುದಿನ ಗುರುವಾರ ಬೆಳಿಗ್ಗೆ ನಮ್ಮನ್ನು ಎಬ್ಬಿಸಿದ್ದು ಶಾಲೆಯ ಬಸ್ಸಿನ ಹಾರ್ನು. ಬಿಸಿಲು ಆಗಲೇ ಒಳಗೆ ಬಂದಿತ್ತು. ಮೂವರೂ ಗಡಬಡಿಸಿ ಎದ್ದೆವು. ಮಗಳನ್ನು ಕಳಿಸಲು ಬಾಗಿಲಿಗೆ ಓಡಿ, ಅಭ್ಯಾಸದಂತೆ ಕೈಯೆತ್ತಿದೆ. ಮೇಲಿನ ಚಿಲಕವನ್ನು ರಾತ್ರಿ ಯಾರೂ ಹಾಕಿರಲೇ ಇಲ್ಲ.