ಕುಂಕುಮ ಹಚ್ಚಿಕೊಂಡ ಪೇಟೆಂಟು

ಆ ಮನುಷ್ಯನನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಐವತ್ತರ ದಶಕದ ಮಾತು. ನಾನು ನಾಗಪುರದ ರೈಲ್ವೆ ಕಚೇರಿಯಲ್ಲಿ ನಕಾಶೆ ಬರೆಯುವವ. ಅವನು ಒಂದು ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ರೋಗಿಯ ಪ್ರಜ್ಞೆ ತಪ್ಪಿಸುವ ಡಾಕ್ಟರ. ವಿಜಾಪುರದ ಕಡೆಯವನು. ನಮ್ಮವರೇ ಎಂದುಕೊಂಡು ಮಹಾಲ್ ಪೇಟೆಯ ನಮ್ಮ ಮನೆಗೆ ಬಂದ, ನನ್ನ ಹೆಂಡತಿ ಮಾಡಿದ ಚಹಾ ಕುಡಿದ, ತನ್ನ ಪೇಟೆಂಟಿಗೆ ಚಿತ್ರ ಬರೆದುಕೊಡಬೇಕೆಂದ.

ಯಾವುದಕ್ಕೆ ಪೇಟೆಂಟು? ರೋಗಿಯ ನಾಲಿಗೆ ಎತ್ತಿ ಹಿಡಿದು, ಶ್ವಾಸನಾಳಕ್ಕೆ ರಬ್ಬರ್ ನಳಿಗೆ ಇಳಿಸಲು ದಾರಿ ತೋರುವ ಉಪಕರಣಕ್ಕೆ. ಹಿಡಿಕೆಯೊಳಗೆ ಬ್ಯಾಟರಿ, ಅದಕ್ಕೆ ಸಿಕ್ಕಿಸುವ ಉಕ್ಕಿನ ಅಲಗು, ಅಲಗಿನ ತುದಿಯ ಹತ್ತಿರ ಪುಟ್ಟ ಬಲ್ಬು. ಇವನೇನು ಅದನ್ನು ಕಂಡುಹಿಡಿದವನಲ್ಲ. ವಿಲಾಯತಿಯಲ್ಲಿ ಒಬ್ಬ ಅಲಗನ್ನು ನೆಟ್ಟಗೆ ಮಾಡಿದ್ದ, ಒಬ್ಬ ಬಾಗಿಸಿದ್ದ, ಇನ್ನೊಬ್ಬ ತುದಿಯಷ್ಟೇ ಸೊಟ್ಟ ಮಾಡಿದ್ದ. ಎಲ್ಲರೂ ತಂತಮ್ಮ ಹೆಸರು ಹಚ್ಚಿಕೊಂಡಿದ್ದರು. ಇವನು ಇನ್ನೊಂದಿಷ್ಟು ಬಾಗಿಸಿದ, ಅಷ್ಟೇ. ಹಡೆದವರು ಯಾರೋ, ತೊಟ್ಟಿಲ ಮುಂದೆ ನಿಂತು ಹೆಸರಿಡುವವನು ಇವನು!

"ಈಗೆಲ್ಲಾ ಪೇಟೆಂಟಿನ ಜಮಾನಾ ಐತ್ರಿ. ಜಲ್ದಿ ಮಾಡ್ರಿ, ಇಲ್ಲಾಂದ್ರ ಬ್ಯಾರೆಯವ ಹೊಡಕೊಂಡು ಹೋಗ್ತಾನ" ಎನ್ನುತ್ತಿದ್ದ. ಅಲಗಿನ ಬಾಗು ಮಾತ್ರ ವಾರಕ್ಕೊಂದು ಸಲ ಬದಲಾಗುತ್ತಿತ್ತು. ಇನ್ನೂ ಒಬ್ಬ ರೋಗಿಯ ಬಾಯಿಗೂ ಹೋಗಿರದ ಆ ಯಂತ್ರದ ಹಿಡಿಕೆಯ ಮೇಲೆ ಅವನ ಹೆಸರು ಆಗಲೇ ಕೆತ್ತಿಸಿಯಾಗಿತ್ತು. ಅಯ್ಯೋ, ಆ ಡೌಲು!

ಖಂಡೇನವಮಿ ಬಂತು. ಊರಲ್ಲೆಲ್ಲ ಆಯುಧಪೂಜೆ. ಇವನು ಆಸ್ಪತ್ರೆಯಲ್ಲಿ ಉಳಿದ ಉಪಕರಣಗಳನ್ನು ಕಪಾಟಿನಲ್ಲೇ ಬಿಟ್ಟು, ತನ್ನದೊಂದನ್ನೇ ದೇವಿಯ ಪಟದ ಮುಂದೆ ಕೂರಿಸಿದ. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ತುದಿಯಿಂದ ಬುಡದವರೆಗೆ ಮೆತ್ತಿ, ಚೆಂಡುಹೂವಿನ ಮಾಲೆ ಹಾಕಿ ಕೈಮುಗಿದ.

ಅದೇ ಮಧ್ಯಾಹ್ನ ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಹೊರಳಾಡಿದಳು. ಟಾಂಗಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ. ಕರುಳು ಸಿಕ್ಕಿಕೊಂಡಿದೆ, ಈಗಲೇ ಕೊಯ್ಯದಿದ್ದರೆ ಉಳಿಯುವುದಿಲ್ಲ ಎಂದರು ದೊಡ್ಡ ಡಾಕ್ಟರು. ನಾನು ಕಾಗದಕ್ಕೆ ಸಹಿ ಹಾಕಿದೆ. ಇವನ ಮುಖ ಮಾತ್ರ ಅರಳಿತು.

"ಕಾಳಜಿ ಬ್ಯಾಡ್ರಿ. ವೈನಿಯವರೇ ನಮ್ಮ ಮೊದಲನೇ ಪೇಶಂಟ್!" ಎಂದ, ನನ್ನ ಹೆಂಡತಿಯನ್ನು ಅತ್ತಿಗೆ ಮಾಡಿಕೊಂಡು.

ಪೂಜೆಯಿಂದ ಯಂತ್ರವನ್ನೆತ್ತಿ, ಮಾಲೆ ಬಿಚ್ಚಿ, ಅಲಗನ್ನಷ್ಟೇ ತೊಳೆಸಿ ಒಳಗೆ ಹೋದ. ನಾನು ಬಾಗಿಲಾಚೆ ನಿಂತೆ. ಸ್ವಲ್ಪ ಹೊತ್ತಿಗೆ ಒಳಗಿಂದ ಅವನ ಕಿರುಚಾಟ ಕೇಳಿತು: "ಲೈಟ್! ಲೈಟ್ ಯಾಕ ಹತ್ತವಲ್ದು?" ಮೈ ಸಡಿಲಿಸುವ ಸೂಜಿ ಕೊಟ್ಟಾಗಿತ್ತು. ಅದರಿಂದ ಅವಳ ಉಸಿರು ನಿಂತಿತ್ತು, ನಳಿಗೆ ಇಳಿದಿರಲಿಲ್ಲ. ನರ್ಸಮ್ಮ ಓಡಿ ಬಂದು, ಅವನ ಯಂತ್ರವನ್ನು ನನ್ನ ಪಕ್ಕದ ಬೆಂಚಿನ ಮೇಲೆ ಎಸೆದು, ಕಪಾಟಿನಿಂದ ಹಳೆಯ ವಿಲಾಯತಿಯದನ್ನು ಕಿತ್ತುಕೊಂಡು ಒಳಗೋಡಿದಳು. ನಾನು ಎತ್ತಿ ನೋಡಿದೆ. ಅಲಗು ಹಿಡಿಕೆಗೆ ಕೂಡುವ, ಬಲ್ಬಿಗೆ ಕರೆಂಟು ಹಾಯುವ ಜಾಗದಲ್ಲಿ ಎಣ್ಣೆ ಕುಂಕುಮ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ದೇವರೇ, ಇವಳನ್ನು ಉಳಿಸು ಎಂದು ಅದನ್ನು ಹಿಡಿದುಕೊಂಡೇ ಅತ್ತೆ.

ಉಳಿದಳು. ಆ ಗಡಿಬಿಡಿಯಲ್ಲಿ ಮುಂದಿನ ಒಂದು ಹಲ್ಲು ಹೋಯಿತು, ಗಂಟಲು ಗೀರಿ ದನಿ ಒಡೆಯಿತು, ಆದರೆ ಉಳಿದಳು.

ಹಬ್ಬ ಕಳೆದ ಮೇಲೆ ಆ ಮಾನಗೇಡಿ ಪೇಡೆಯ ಪೊಟ್ಟಣ ಹಿಡಿದು ವಾರ್ಡಿಗೆ ಬಂದ. "ಆ ಹಳೇದರ ಬಾಗು ಭಾಳ ಚಲೋ ಐತ್ರಿ. ನಮ್ಮ ಚಿತ್ರದಾಗ ಅದನ್ನ ತರ್ರಿ" ಎಂದ. ಅವಳತ್ತ ತಿರುಗಿ ಹಲ್ಲು ಕಿರಿದ. "ಮೊದಲನೇ ಪ್ರಯೋಗ ಬರೋಬರ್ ಆತು ಅಂತ ಅರ್ಜಿಯಾಗ ಬರದೀನ್ರಿ ವೈನಿ. ಯಾರರೆ ಕೇಳಿದ್ರ ಹೂಂ ಅನ್ರಿ."

ಅವಳು ಒಡೆದ ದನಿಯಲ್ಲಿ, ಒಂದೊಂದೇ ಮಾತು ಹೆಕ್ಕಿ ಹೇಳಿದಳು. "ಕೇಳಿದವರಿಗೆ ಹೇಳ್ತೀನ್ರಿ. ನನ್ನ ಉಸರು ನಿಂತಾಗ ನಿಮ್ಮ ಯಂತ್ರ ಮುತ್ತೈದಿ ಹಂಗ ಕುಂಕುಮ ಹಚ್ಚಿಗೊಂಡು ಹೊರಗ ಬೆಂಚಿನ ಮ್ಯಾಲೆ ಕುಂತಿತ್ತು ಅಂತ."

ಪೇಡೆಯನ್ನೂ ಚಿತ್ರಗಳನ್ನೂ ಅವನ ಕೈಗೇ ಕೊಟ್ಟು ಕಳಿಸಿ, ನಾನು ಅವಳಿಗೆ ಗಂಜಿ ಕುಡಿಸಲು ಕೂತೆ.